ಅರವತ್ತರಲ್ಲಿ ನಿಂತ ಗೆರೆ

"ನಿಮ್ಮ ಯಜಮಾನರಿಗೆ ಗಲ್ಫಿನಲ್ಲಿ ಎಂತ ಕೆಲಸ?" ಎಂದು ಯಾರಾದರೂ ಕೇಳಿದರೆ ನಾನು "ನೀರಿನ ಕಂಪೆನಿಯಲ್ಲಿ" ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಅದು ಸುಳ್ಳೇನಲ್ಲ. ಸಮುದ್ರದ ನೀರಿನಿಂದ ಉಪ್ಪು ತೆಗೆದು ಕುಡಿಯುವ ನೀರು ಮಾಡುವ ದೊಡ್ಡ ಕಾರ್ಖಾನೆಯಲ್ಲಿ ನಮ್ಮವರು ಇದ್ದರು. ಆದರೆ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಇವರು ಕೈಯಲ್ಲಿ ಏನು ಹಿಡಿದು ಏನು ಮಾಡುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ರಜೆಯಲ್ಲಿ ಬಂದಾಗ ಕೂತು ಕೇಳುವ ಪುರುಸೊತ್ತು ಎಲ್ಲಿ? ಯಾರದೋ ಮದುವೆ, ಯಾರದೋ ಮನೆ ಒಕ್ಕಲು, ಮಕ್ಕಳ ಶಾಲೆ, ಅತ್ತೆಯ ಕಣ್ಣಿನ ಆಪರೇಷನ್ ಎಂದು ರಜೆ ಓಡಿಹೋಗುತ್ತಿತ್ತು. ಕೆಲವೊಮ್ಮೆ ಫೋನಿನಲ್ಲಿ, "ಇವತ್ತು ಒಂದು ಲೂಪ್ ಟ್ಯೂನ್ ಮಾಡಿದೆ" ಅನ್ನುತ್ತಿದ್ದರು. ನನಗೆ ರೇಡಿಯೋ ಟ್ಯೂನ್ ಮಾಡುವುದು ಗೊತ್ತಿತ್ತು. ಲೂಪ್ ಎಂದರೆ ಎಂತದೋ. "ಹೌದಾ, ಒಳ್ಳೆದಾಯ್ತು. ಊಟ ಆಯ್ತಾ?" ಎಂದು ಕೇಳುತ್ತಿದ್ದೆ. ಊಟ ಆಗಿರುತ್ತಿತ್ತು.

ಇವರು ಕೆಲಸ ಬಿಟ್ಟು ಊರಿಗೆ ಬಂದ ಮರುವರ್ಷ ನನಗೂ ಶಾಲೆಯಿಂದ ನಿವೃತ್ತಿಯಾಯಿತು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು. ಮದುವೆಯಾದ ಮೇಲೆ ಮೊದಲ ಸಲ ನಾವಿಬ್ಬರೂ ಬೆಳಗಿನಿಂದ ರಾತ್ರಿಯವರೆಗೆ ಒಂದೇ ಮನೆಯಲ್ಲಿ ಇದ್ದೆವು. ಜಗಳ ಇರಲಿಲ್ಲ. ಜಗಳ ಆಡಲಿಕ್ಕೂ ಒಬ್ಬರ ವಿಷಯ ಇನ್ನೊಬ್ಬರಿಗೆ ಸ್ವಲ್ಪ ಗೊತ್ತಿರಬೇಕಲ್ಲ. ನಾವು ಒಳ್ಳೆಯ ನೆಂಟರ ಹಾಗೆ ಇದ್ದೆವು. "ಚಹಾ ಮಾಡ್ಲಾ?" "ಬೇಕಾದರೆ ಮಾಡು." "ಪೇಪರ್ ಓದಿ ಆಯ್ತಾ?" "ಆಯ್ತು, ನೀನು ತೆಕ್ಕೋ." ಹೀಗೆ. ಇವರು ಕಾರಡ್ಕದ ನಮ್ಮ ಮನೆಯ ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು. ನಾನು ಒಳಗೆ ಕೂತು ಟಿ.ವಿ. ನೋಡುತ್ತಿದ್ದೆ.

ಹಾಗಿರುವಾಗ ಒಂದು ದಿನ ಮುಳ್ಳೇರಿಯಾ ಪೇಟೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದಳು. ಶಾಲೆಯಲ್ಲಿ ಲೆಕ್ಕಕ್ಕಿಂತ ಮಾತು ಹೆಚ್ಚು ಇದ್ದವಳು. ಈಗ ಬೆಳ್ಳೂರಿನ ಕಡೆ ಹೆಂಗಸರ ಸಂಘವೊಂದಕ್ಕೆ ಸೆಕ್ರೆಟರಿ. ಐದಾರು ಮಂದಿ ಸೇರಿ ತೆಂಗಿನೆಣ್ಣೆ ಮಾಡುತ್ತಾರೆ. ಗಾಣದ ಎಣ್ಣೆಯಲ್ಲ, ಹಸಿ ತೆಂಗಿನಕಾಯಿ ತುರಿದು, ತುರಿಯನ್ನು ಹದವಾದ ಬಿಸಿ ಗಾಳಿಯಲ್ಲಿ ಒಣಗಿಸಿ, ಬಿಳಿ ಇರುವಾಗಲೇ ಹಿಂಡಿ ತೆಗೆಯುವ ಎಣ್ಣೆ. ಶಿಶುಗಳಿಗೆ ಹಚ್ಚಲಿಕ್ಕೆ, ಬಾಣಂತಿಯರಿಗೆ ಎಂದು ಜನ ಹುಡುಕಿಕೊಂಡು ಬರುತ್ತಾರಂತೆ. ಅವಳು ಚೀಲದಿಂದ ಒಂದು ಬಾಟಲಿ ತೆಗೆದು ನನ್ನ ಕಣ್ಣೆದುರು ಹಿಡಿದಳು.

"ಎಂತ ಮಾರಾಯ್ತಿ, ತುಪ್ಪವಾ?" ಎಂದೆ.

"ತುಪ್ಪ ಅಲ್ಲ ಟೀಚರ್, ನಮ್ಮ ಎಣ್ಣೆ. ನೀರಿನ ಹಾಗೆ ಇರ್ಬೇಕು. ನೋಡಿ, ಹೇಗೆ ಹಳದಿ ಆಗಿದೆ. ಮೂಗಿಗೆ ಹಿಡೀರಿ, ಹುರಿದ ವಾಸನೆ. ಹೊಸ ಡ್ರಯರ್ ತಂದ ಮೇಲೆ ಹೀಗೆ. ಒಂದು ದಿನ ಕಂದುತ್ತದೆ, ಮರುದಿನ ಒಣಗುದೇ ಇಲ್ಲ, ಹುಳಿ ಬರ್ತದೆ. ಕಂಪೆನಿಯವನಿಗೆ ಫೋನ್ ಮಾಡಿದರೆ 'ಕಂಟ್ರೋಲರಿನ ಸೆಟ್ಟಿಂಗ್ ಸರಿ ಮಾಡಿ' ಹೇಳ್ತಾನೆ. ನಾವು ಎಲ್ಲ ಬಟನ್ ಒತ್ತಿ ಆಯ್ತು."

"ಕಂಟ್ರೋಲರ್ ಅಂದರೆ?"

"ಬಿಸಿ ಎಷ್ಟು ಇರ್ಬೇಕು ನೋಡುವ ಸಣ್ಣ ಡಬ್ಬಿ. ಅದರಲ್ಲಿ ಪಿ ಅಂತೆ, ಐ ಅಂತೆ, ಡಿ ಅಂತೆ. ಟ್ಯೂನ್ ಮಾಡ್ಬೇಕಂತೆ."

ಟ್ಯೂನ್ ಎಂಬ ಮಾತು ಕೇಳಿದ್ದೇ ನನ್ನ ಬಾಯಿ ನನ್ನನ್ನು ಕೇಳದೆ ಹೇಳಿಬಿಟ್ಟಿತು: "ನಮ್ಮವರಿಗೆ ಅದೇ ಕೆಲಸ. ನಾಳೆ ಕರ್ಕೊಂಡು ಬರ್ತೇನೆ."

ಮನೆಗೆ ಬಂದು ಹೇಳಿದಾಗ ಇವರು ಪೇಪರ್ ಕೆಳಗಿಟ್ಟರು. "ನಿನಗೆ ಯಾರು ಹೇಳಿದ್ದು ಅದು ನನ್ನ ಕೆಲಸ ಅಂತ?"

"ನೀವೇ. ಫೋನಿನಲ್ಲಿ."

"ನಿನಗೆ ನೆನಪುಂಟಾ ಅದು?" ಎಂದರು. ಮುಖದಲ್ಲಿ ಆಶ್ಚರ್ಯ. ಆಮೇಲೆ, "ನಾವು ಮಾಡಿದ್ದು ದೊಡ್ಡ ದೊಡ್ಡ ಪ್ಲಾಂಟಿನಲ್ಲಿ. ಈ ಸಣ್ಣ ಡಬ್ಬಿ ನನಗೆ ಅಭ್ಯಾಸ ಇಲ್ಲ. ನೋಡುವ" ಎಂದು ಬಿಗುಮಾನ ತೋರಿಸಿದರು. ಆದರೆ ಬೆಳಗ್ಗೆ ನಾನು ಏಳುವಾಗ ಅಂಗಿಗೆ ಇಸ್ತ್ರಿ ಆಗಿತ್ತು. ಪೆಟ್ಟಿಗೆಯಿಂದ ಹೊರಗೆ ಬರದೆ ಇದ್ದ ಕಪ್ಪು ಬೂಟು ಜಗಲಿಯಲ್ಲಿ ಬಿಸಿಲಿಗೆ ಇತ್ತು. ಕಿಸೆಯಲ್ಲಿ ಪುಟ್ಟ ಟಾರ್ಚು, ಸ್ಕ್ರೂಡ್ರೈವರು.

ಇವರಿಗೆ ನಮ್ಮ ಏರು ತಗ್ಗಿನ ರಸ್ತೆಯಲ್ಲಿ ಗಾಡಿ ಬಿಡಲಿಕ್ಕೆ ಹೆದರಿಕೆ. ನಾನು ಶಾಲೆಗೆ ಹೋಗಿ ಬಂದದ್ದೆಲ್ಲ ಸ್ಕೂಟರಿನಲ್ಲಿ. ಆದ್ದರಿಂದ ನಾನು ಮುಂದೆ, ಇವರು ಹಿಂದೆ. ಬೂಟು ಹಾಕಿ ನೆಟ್ಟಗೆ ಕೂತ ಇವರನ್ನು ಕನ್ನಡಿಯಲ್ಲಿ ನೋಡಿದಾಗಲೆಲ್ಲ ನನಗೆ ನಗು ಬರುತ್ತಿತ್ತು.

ಸಂಘದ ಶೆಡ್ಡು ರಸ್ತೆಯಿಂದ ಸ್ವಲ್ಪ ಒಳಗೆ. ಉದ್ದದ ಕಟ್ಟಡ, ತಗಡಿನ ಮಾಡು, ನುಣ್ಣಗೆ ಸಾರಿಸಿದ ಸಿಮೆಂಟ್ ನೆಲ. ಒಂದು ತಲೆಯಲ್ಲಿ ತೆಂಗಿನಕಾಯಿ ತುರಿಯುವ ಯಂತ್ರ, ಇನ್ನೊಂದು ತಲೆಯಲ್ಲಿ ಗೋದ್ರೇಜು ಕಪಾಟಿನ ಹಾಗಿನ ಡ್ರಯರು. ಒಳಗೆ ಸಾಲಾಗಿ ತಟ್ಟೆಗಳು, ಹಿಂದೆ ಹೀಟರು, ಗಾಳಿ ತಳ್ಳುವ ಫ್ಯಾನು. ಅದರ ಬಾಗಿಲಿನ ಪಕ್ಕದಲ್ಲಿ ಅಂಗೈಯಷ್ಟೇ ಅಗಲದ ಡಬ್ಬಿ. ಅದರಲ್ಲಿ ಮೇಲೆ ಕೆಂಪು ಅಂಕಿ, ಕೆಳಗೆ ಹಸುರು ಅಂಕಿ. ಹಸುರು ಎಂದರೆ ನಮಗೆ ಬೇಕಾದ ಬಿಸಿ. ಅಲ್ಲಿ ಅರವತ್ತು ಇತ್ತು. ಕೆಂಪು ಎಂದರೆ ಒಳಗೆ ನಿಜವಾಗಿ ಇರುವ ಬಿಸಿ. ಅದು ಆಗ ಎಪ್ಪತ್ತೈದು ತೋರಿಸುತ್ತಿತ್ತು.

ಅಲ್ಲಿ ಸೆಕ್ರೆಟರಿಯ ಜೊತೆ ಇನ್ನು ಕೆಲವರು ಇದ್ದರು. ಅವರಲ್ಲಿ ಹಿರಿಯರು ಒಬ್ಬರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸು. ಎಲ್ಲರೂ ಅವರನ್ನು ಬಾಯಮ್ಮ ಎಂದು ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು. ನಮ್ಮದು ಗಡಿನಾಡಾದ್ದರಿಂದ ಶೆಡ್ಡಿನೊಳಗೆ ತುಳು, ಮಲಯಾಳ, ಕನ್ನಡ, ಕೊಂಕಣಿ ಎಲ್ಲ ಒಂದೇ ಉಸಿರಿನಲ್ಲಿ ಓಡಾಡುತ್ತಿದ್ದವು. ನಾನಿಲ್ಲಿ ಎಲ್ಲವನ್ನೂ ಕನ್ನಡಕ್ಕೆ ಇಳಿಸಿದ್ದೇನೆ.

ನಮ್ಮವರು ಡಬ್ಬಿಯ ಎದುರು ಒಂದು ಸ್ಟೂಲ್ ಹಾಕಿ ಕೂತರು. ಕೂತೇ ಇದ್ದರು. ಸ್ಕ್ರೂಡ್ರೈವರ್ ಕಿಸೆಯಿಂದ ಹೊರಗೆ ಬರಲಿಲ್ಲ. ಕೆಂಪು ಅಂಕಿ ಎಪ್ಪತ್ತೈದರಿಂದ ಇಳಿಯುತ್ತಾ ಅರವತ್ತು ದಾಟಿ ಐವತ್ತಕ್ಕೆ ಹೋಯಿತು. ಅಲ್ಲಿಂದ ಮತ್ತೆ ಏರಲು ಶುರುವಾಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

ಬಾಯಮ್ಮ ಕೇಳಿಯೇ ಬಿಟ್ಟರು: "ಎಂತ ಅಣ್ಣ, ಎಂತದೂ ಮಾಡುದಿಲ್ವಾ?"

"ಮಾಡ್ತಾ ಇದ್ದೇನೆ ಬಾಯಮ್ಮ. ನೋಡ್ತಾ ಇದ್ದೇನೆ."

"ನೋಡುದು ನಾವೂ ನೋಡ್ತೇವೆ."

ಇವರು ನಕ್ಕು ನನ್ನ ಕಡೆ ತಿರುಗಿದರು. "ಅಲ್ಲಿ ನಮಗೆ ಗೆರೆ ಎಳೆಯುವ ಯಂತ್ರ ಇತ್ತು. ಪೇಪರಿನ ಮೇಲೆ ಪೆನ್ನು ಓಡ್ತಾ ಇರ್ತದೆ. ಬಿಸಿ ಹೇಗೆ ಏರ್ತದೆ, ಹೇಗೆ ಇಳೀತದೆ ಅಂತ ಕಣ್ಣಿಗೆ ಕಾಣ್ತದೆ. ಇಲ್ಲಿ ಬರೀ ಅಂಕಿ. ಅಂಕಿ ನೋಡಿದರೆ ನನಗೆ ಅಂದಾಜು ಸಿಗುದಿಲ್ಲ."

ಗೆರೆ ಬೇಕು ಎಂದರೆ ಗಣಿತದ ಟೀಚರಿಗೆ ಕಷ್ಟವೇ? ಗೋಡೆಯಲ್ಲಿ ಸಂಘದವರ ಲೆಕ್ಕ ತುಂಬಿದ ಒಂದು ಪುಟ್ಟ ಕರಿಹಲಗೆ ಇತ್ತು, ಅದರ ಕೆಳಗೆ ಸೀಮೆಸುಣ್ಣ. ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದಲ್ಲಿ ಕೂತೆ. ಡ್ರಯರಿನ ಬುಡದಿಂದ ಶೆಡ್ಡಿನ ಉದ್ದಕ್ಕೆ ಒಂದು ನೇರ ಗೆರೆ ಎಳೆದೆ. "ಇದು ಅರವತ್ತು," ಎಂದೆ. "ಒಂದು ಗೇಣಿಗೆ ಐದು ನಿಮಿಷ. ಮೇಲೆ ಒಂದು ಬೆರಳಗಲಕ್ಕೆ ಎರಡು ಡಿಗ್ರಿ. ನೀವು ಕೂಗಿ ಹೇಳಿ, ನಾನು ಚುಕ್ಕೆ ಇಡ್ತೇನೆ."

"ಐವತ್ತೆಂಟು," ಎಂದರು ಇವರು.

ಹೀಗೆ ಶುರುವಾಯಿತು. ಸೆಕ್ರೆಟರಿ ಮೊಬೈಲಿನಲ್ಲಿ ಸಮಯ ನೋಡುವುದು, ಇವರು ಅಂಕಿ ಹೇಳುವುದು, ನಾನು ಚುಕ್ಕೆ ಇಟ್ಟು ಚುಕ್ಕೆಗೆ ಚುಕ್ಕೆ ಸೇರಿಸುವುದು. ಸ್ವಲ್ಪ ಹೊತ್ತಿನಲ್ಲಿ ನೆಲದ ಮೇಲೆ ಒಂದು ಗುಡ್ಡ ಎದ್ದಿತು, ಪಕ್ಕದಲ್ಲಿ ಒಂದು ಕಣಿವೆ, ಮತ್ತೆ ಗುಡ್ಡ. ಹೆಂಗಸರು ಸುತ್ತ ನಿಂತು ನೋಡಿದರು.

"ದೇವಾ, ನಮ್ಮ ಬೆಳ್ಳೂರಿನ ರಸ್ತೆಯ ಹಾಗೆಯೇ ಉಂಟು," ಎಂದರು ಬಾಯಮ್ಮ.

ಆಗ ಇವರು ವಿವರಿಸಿದರು. ಇವರು ಇಷ್ಟು ಉದ್ದ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಡಬ್ಬಿಯ ಮೂಲೆಯಲ್ಲಿ ಒಂದು ಪುಟ್ಟ ದೀಪ ಉಂಟು, ಹೀಟರಿಗೆ ಕರೆಂಟು ಹೋಗುವಾಗ ಅದು ಉರಿಯುತ್ತದೆ. ಈಗ ಅದು ಅರವತ್ತು ಮುಟ್ಟುವವರೆಗೂ ಬಿಡದೆ ಉರಿಯುತ್ತಿದೆ, ಮುಟ್ಟಿದ ಮೇಲೆ ಆರುತ್ತಿದೆ. ಆದರೆ ದೀಪ ಆರಿದ ಕೂಡಲೇ ಹೀಟರ್ ತಣಿಯುವುದಿಲ್ಲ, ಕಾದ ಕಬ್ಬಿಣ ಅಲ್ವಾ? ಆ ಬಿಸಿ ಎಲ್ಲಿ ಹೋಗಬೇಕು? ಅದೇ ಎಪ್ಪತ್ತೈದಕ್ಕೆ ಏರಿಸುವುದು. ಹಾಗೆಯೇ ಇಳಿಯುವಾಗ ಅರವತ್ತಕ್ಕೆ ದೀಪ ಹತ್ತಿದರೂ ಹೀಟರ್ ಕಾಯಲು ಹೊತ್ತು ಬೇಕು, ಅಷ್ಟರಲ್ಲಿ ಐವತ್ತು. ಬಿಸಿ ಅಳೆಯುವುದು, ಉರಿ ತಿದ್ದುವುದು, ಪುನಃ ಅಳೆಯುವುದು, ಈ ಸುತ್ತಿಗೇ ಲೂಪ್ ಎಂದು ಹೆಸರಂತೆ.

"ಸ್ವಲ್ಪ ಮೊದಲೇ ಕೈ ಹಿಡೀಬೇಕು," ಎಂದೆ ನಾನು. "ಇಳಿಜಾರಿನಲ್ಲಿ ಬ್ರೇಕು ಹಿಡಿದ ಹಾಗೆ."

"ಅದೇ! ಹತ್ತಿರ ಬರುವಾಗ ಅರ್ಧ ಉರಿ, ಇನ್ನೂ ಹತ್ತಿರ ಬರುವಾಗ ಕಾಲು ಉರಿ. ಎಷ್ಟು ಮೊದಲಿಂದ ಕೈ ಹಿಡಿಯಬೇಕು ಅಂತ ಹೇಳುದೇ ಈ ಪಿ." ಇವರು ಬಟನ್ ಒತ್ತಿ ಪಿ ತೋರಿಸಿದರು. ಅದರಲ್ಲಿ ಎರಡು ಎಂದು ಇತ್ತು. "ಇದನ್ನು ಎರಡು ಮಾಡಿದ್ದು ಯಾರು?"

ಸೆಕ್ರೆಟರಿ ಕೈ ಎತ್ತಿದಳು, ಥೇಟು ನನ್ನ ತರಗತಿಯಲ್ಲಿ ಎತ್ತಿದ ಹಾಗೆ. "ನಾನೇ. ಬಿಸಿ ಹೆಚ್ಚಾಗ್ತದೆ ಅಂತ ನಂಬರ್ ಕಮ್ಮಿ ಮಾಡಿದೆ."

"ನಿನ್ನ ತಪ್ಪಲ್ಲ. ಈ ಡಬ್ಬಿಯಲ್ಲಿ ಇದು ಉಲ್ಟಾ. ನಂಬರ್ ದೊಡ್ಡದಾದಷ್ಟು ಡಬ್ಬಿ ಮೆತ್ತಗೆ ಆಗ್ತದೆ. ಸಣ್ಣದಾದರೆ ಸಿಟ್ಟಿನ ಮನುಷ್ಯನ ಹಾಗೆ, ಒಂದೋ ಪೂರಾ ಉರಿ, ಇಲ್ಲಾಂದ್ರೆ ಎಂತದೂ ಇಲ್ಲ."

"ಹಾಗಾದರೆ ಆ ಆಟೋ ಟ್ಯೂನ್?" ಎಂದು ಕೇಳಿದಳು ಅವಳು. "ಅದನ್ನು ಒತ್ತಿದರೆ ಡಬ್ಬಿಯೇ ನಂಬರ್ ಹುಡುಕ್ತದಂತೆ. ನಾವು ಒತ್ತಿಯೂ ಆಯ್ತು."

"ತಟ್ಟೆಯಲ್ಲಿ ತುರಿ ಇತ್ತಾ ಆಗ?"

"ಇಲ್ಲ, ಖಾಲಿ. ತುರಿ ಹಾಳಾದರೆ ಅಂತ ಹೆದರಿ."

"ಖಾಲಿ ಇರುವಾಗ ಅದು ಕಲಿತದ್ದು ಖಾಲಿ ಡ್ರಯರಿನ ಪಾಠ. ಹಸಿ ತುರಿ ತುಂಬಿದರೆ ಅದು ಬೇರೆಯೇ ಡ್ರಯರ್. ಇವತ್ತು ತುರಿ ಇಟ್ಟೇ ಮಾಡುವ. ಹಾಳಾದರೆ ನಮ್ಮ ಮನೆಗೆ ಕಳಿಸಿ, ಪಲ್ಯಕ್ಕೆ ಆಯ್ತು."

ಹೆಂಗಸರು ತಟ್ಟೆಗಳಲ್ಲಿ ಹಸಿ ತುರಿ ತುಂಬಿದ ಮೇಲೆ ಇವರು ಪಿಯನ್ನು ಎರಡರಿಂದ ಇಪ್ಪತ್ತಕ್ಕೆ ಏರಿಸಿದರು. ಉಳಿದ ಎರಡನ್ನೂ ಸೊನ್ನೆ ಮಾಡಿ ಬಂದ್ ಇಟ್ಟರು. ಒಂದೊಂದಾಗಿ ನೋಡಬೇಕಂತೆ. ಮತ್ತೆ ಕೂತರು. ಈಗ ಯಾರೂ 'ಎಂತದೂ ಮಾಡುದಿಲ್ವಾ' ಎಂದು ಕೇಳಲಿಲ್ಲ. ಎಲ್ಲರ ಕಣ್ಣೂ ನನ್ನ ಸೀಮೆಸುಣ್ಣದ ತುದಿಯಲ್ಲಿ. ದೀಪ ಈಗ ಒಂದೇ ಸಮನೆ ಉರಿಯದೆ ಮಿಣುಕುತ್ತಿತ್ತು. ಗುಡ್ಡಗಳು ತಗ್ಗುತ್ತಾ ಬಂದವು. ನಾನು ನೆಲದಲ್ಲಿ ಸರಿಯುತ್ತಾ ಸರಿಯುತ್ತಾ ಹೋದೆ.

ಅಷ್ಟರಲ್ಲಿ ಗೆರೆ ದಢಕ್ಕನೆ ಕೆಳಗೆ ಬಿತ್ತು.

"ಐವತ್ತೊಂದು," ಎಂದರು ಇವರು, ಅಚ್ಚರಿಯಿಂದ.

ನಾವೆಲ್ಲ ತಲೆ ಎತ್ತಿ ನೋಡಿದರೆ ಬಾಯಮ್ಮ ಡ್ರಯರಿನ ಬಾಗಿಲು ತೆಗೆದು ಒಳಗೆ ಕೈ ಹಾಕಿ ತುರಿ ಮುಟ್ಟಿ ನೋಡುತ್ತಿದ್ದರು.

"ಬಾಯಮ್ಮಾ!" ಎಂದು ಸೆಕ್ರೆಟರಿ ಕೂಗಿದಳು. "ಇದೇ, ಅಣ್ಣ, ಯಾವಾಗಲೂ ಇದೇ. ಕಾಲು ಗಂಟೆಗೊಮ್ಮೆ ತೆಗೀತಾರೆ."

"ಮುಟ್ಟದೆ ಹೇಗೆ ಗೊತ್ತಾಗುದು ಒಣಗಿದೆಯಾ ಇಲ್ವಾ ಅಂತ?" ಬಾಯಮ್ಮ ಬಿಟ್ಟುಕೊಡಲಿಲ್ಲ. "ನಿಮ್ಮ ಡಬ್ಬಿಗೆ ಕೈ ಉಂಟಾ?"

ಎಲ್ಲರೂ ನಕ್ಕರು. ಇವರು ಮಾತ್ರ ಖುಷಿಯಿಂದ ಸ್ಟೂಲಿನಿಂದ ಎದ್ದರು. "ಬೈಯಬೇಡಿ ಬಾಯಮ್ಮನಿಗೆ. ಇದು ಬೇಕಿತ್ತು ನಮಗೆ. ಎಲ್ಲ ಸರಿ ಇರುವಾಗ ಯಾವ ಡಬ್ಬಿಯೂ ಸರಿ ಇರ್ತದೆ. ಯಾರಾದರೂ ಬಾಗಿಲು ತೆಗೆದರೆ ಎಷ್ಟು ಬೇಗ ಸುಧಾರಿಸಿಕೊಳ್ತದೆ ಅಂತ ನೋಡ್ಬೇಕು. ಅಲ್ಲಿ ನಾವು ಬೇಕಂತಲೇ ಹಾಗೆ ಕೆಣಕಿ ನೋಡ್ತಿದ್ದೆವು. ಬಾಯಮ್ಮ, ಇನ್ನು ನಾನು ಹೇಳಿದಾಗೆಲ್ಲ ಬಾಗಿಲು ತೆಗೆಯುದು ನಿಮ್ಮ ಕೆಲಸ."

ಬಾಯಮ್ಮ ಸೆಕ್ರೆಟರಿಯ ಕಡೆ ಒಮ್ಮೆ ನೋಡಿದರು. ಆ ನೋಟವನ್ನು ಬರೆಯಲಿಕ್ಕೆ ನನ್ನಿಂದ ಆಗದು. ಆಮೇಲೆ ಒಂದು ಕುರ್ಚಿ ಎಳೆದು ಡ್ರಯರಿನ ಬಾಗಿಲಿನ ಪಕ್ಕದಲ್ಲೇ ಹಿಡಿಕೆಗೆ ಕೈ ಇಟ್ಟು ಕೂತರು.

ಮಧ್ಯಾಹ್ನವಾಗುವಾಗ ಗೆರೆ ಮಟ್ಟಸವಾಯಿತು. ಆದರೆ ಐವತ್ತಾರರಲ್ಲಿ. ಅರವತ್ತಕ್ಕೆ ಏರುವುದೇ ಇಲ್ಲ, ಐವತ್ತಾರರಲ್ಲಿ ಕೂತು ಬಿಟ್ಟಿತು. ನನಗೆ ನಿರಾಸೆಯಾಯಿತು. ಇವರು, "ಬರೀ ಪಿ ಇದ್ದರೆ ಹಾಗೆಯೇ. ಹತ್ತಿರ ಬಂದು ಸಾಕು ಅಂತ ಕೂತುಕೊಳ್ತದೆ. ಅದನ್ನು ತಳ್ಳಲಿಕ್ಕೆ ಐ ಬೇಕು. ಮೊದಲು ಊಟ ಮಾಡುವ" ಎಂದರು.

ಸಂಘದವರು ಗಂಜಿ ತಂದಿದ್ದರು, ಒಣಮೀನಿನ ಚಟ್ನಿ, ಮಾವಿನ ಉಪ್ಪಿನಕಾಯಿ. ನೆಲದ ಗೆರೆಯನ್ನು ತುಳಿಯದ ಹಾಗೆ ಎರಡೂ ಕಡೆ ಸಾಲಾಗಿ ಕೂತೆವು. ಸೆಕ್ರೆಟರಿ, "ಅಣ್ಣ, ನೀವು ಮೊದಲು ಹೀಗೆ ಮಾಡಿದ್ದು ಎಲ್ಲಿ?" ಎಂದು ಕೇಳಿದಳು. ಇವರು ಗಂಜಿ ಕಲಸುತ್ತಾ ಹೇಳಿದರು.

ಹೋದ ಹೊಸತರಲ್ಲಿ ಇವರಿಗೆ ಮೀಟರ್ ಒರೆಸುವ ಕೆಲಸ ಮಾತ್ರ ಇತ್ತಂತೆ. ಅಲ್ಲಿ ಆವಿಯ ದೊಡ್ಡದೊಂದು ಡ್ರಮ್ಮು. ಅದರೊಳಗೆ ನೀರಿನ ಮಟ್ಟ ಏರುವುದು ಇಳಿಯುವುದು, ಯಾರು ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಒಬ್ಬ ವಯಸ್ಸಾದ ಈಜಿಪ್ಟಿನ ಇಂಜಿನಿಯರು ಇವರನ್ನು ಕರೆದು ಅದರ ಎದುರು ಕೂರಿಸಿ, "ಸುಮ್ಮನೆ ನೋಡು, ಆಮೇಲೆ ಕೈ ಹಾಕು" ಎಂದು ಹೇಳಿ ಹೋದನಂತೆ. ಇವರು ನೋಡಿದರು. ಕೈ ಹಾಕಿದರು. ಸಂಜೆಗೆ ಪೆನ್ನಿನ ಗೆರೆ ನೇರವಾಗಿ ನಿಂತಿತು. ಆತ ಬಂದು ನೋಡಿ, ಇವರ ತಲೆಯ ಮೇಲೆ ಕೈ ಇಟ್ಟು ಏನೋ ಅರಬಿಯಲ್ಲಿ ಹೇಳಿದನಂತೆ.

"ಅವತ್ತು ನಾನು ಫೋನ್ ಮಾಡಿದ್ದೆ," ಎಂದರು ಇವರು ನನ್ನ ಕಡೆ ನೋಡಿ. "ನಿನಗೆ ನೆನಪಿರ್ಲಿಕ್ಕಿಲ್ಲ."

ನನಗೆ ನೆನಪಿತ್ತು. ಆಗ ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಪಕ್ಕದ ಮನೆಯವರು ಬೇಲಿಯ ಹತ್ತಿರ ನಿಂತು ಕೂಗಿದರು. ಎಂದೂ ಬರದ ಹೊತ್ತಿಗೆ ಫೋನು. ಏನೋ ಆಗಿದೆ ಎಂದು ಹಿಟ್ಟಿನ ಕೈಯಲ್ಲೇ ಓಡಿ ಹೋದೆ. "ಎಂತಾಯ್ತು?" ಎಂದು ಕೇಳಿದರೆ ಆ ಕಡೆಯಿಂದ, "ಎಂತದೂ ಇಲ್ಲ, ಸುಮ್ಮನೆ ಮಾಡಿದೆ." ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಇದನ್ನು ನಾನು ಹೇಳಿದಾಗ ಹೆಂಗಸರು ಅನ್ನದ ಅಗುಳು ನೆತ್ತಿಗೆ ಏರುವಷ್ಟು ನಕ್ಕರು. ಇವರೂ ನಕ್ಕರು. ಆಮೇಲೆ ಮೆಲ್ಲಗೆ, "ಹೇಳ್ಬೇಕು ಅಂತಲೇ ಮಾಡಿದ್ದು. ಹೇಗೆ ಹೇಳುದು ಗೊತ್ತಾಗ್ಲಿಲ್ಲ" ಎಂದರು.

"ಈಗ ಹೇಳಿ," ಎಂದರು ಬಾಯಮ್ಮ. "ಟೀಚರ್ ಇಲ್ಲೇ ಇದ್ದಾರೆ."

ಇವರಿಗೆ ನಾಚಿಕೆಯಾಯಿತು. ಆ ವಯಸ್ಸಿನಲ್ಲಿ ಮನುಷ್ಯನ ಕಿವಿ ಅಷ್ಟು ಕೆಂಪಾಗುವುದನ್ನು ನಾನು ನೋಡಿರಲಿಲ್ಲ. ಬಟ್ಟಲು ಎತ್ತಿಕೊಂಡು ತೊಳೆಯಲು ಹೋದರು. ಕೈ ಒರೆಸಿಕೊಂಡು ಬಂದು ಡಬ್ಬಿಯ ಎದುರು ನಿಂತು, "ಬಾ ಇಲ್ಲಿ. ಐ ನೀನೇ ಹಾಕು" ಎಂದರು.

ನಾನು ಎದ್ದು ಹೋದೆ. ಇವರು ಹೇಳಿಕೊಟ್ಟರು. ಐಯ ನಂಬರ್ ಸೆಕೆಂಡುಗಳ ಲೆಕ್ಕ. ಅರವತ್ತಕ್ಕೂ ಐವತ್ತಾರಕ್ಕೂ ನಡುವೆ ಇರುವ ಕೊರತೆಯನ್ನು ಅದು ಮರೆಯುವುದಿಲ್ಲ, ಕೂಡಿಸುತ್ತಾ ಕೂಡಿಸುತ್ತಾ ಹೋಗಿ ಉರಿಯನ್ನು ಸ್ವಲ್ಪ ಸ್ವಲ್ಪ ಏರಿಸುತ್ತದೆ. ಅದೂ ಉಲ್ಟಾ: ನಂಬರ್ ಸಣ್ಣದಾದಷ್ಟು ಅವಸರ ಹೆಚ್ಚು. ಇವರು ಮೊದಲು ದೊಡ್ಡ ನಂಬರೇ ಹಾಕಿಸಿದರು. ನಾನು ಮತ್ತೆ ನೆಲಕ್ಕೆ ಬಂದು ಚುಕ್ಕೆ ಇಡತೊಡಗಿದೆ. ಗೆರೆ ಏರುತ್ತಿತ್ತು, ಆದರೆ ಬಸವನಹುಳದ ಹಾಗೆ. ಒಂದು ಗೇಣು ಹೋದರೂ ಕೂದಲೆಳೆಯಷ್ಟೇ ಏರಿಕೆ.

ನಾನು ಏರಿಕೆಯನ್ನು ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. "ಈ ಲೆಕ್ಕದಲ್ಲಿ ಅರವತ್ತು ಮುಟ್ಟುವಾಗ ಕತ್ತಲಾಗ್ತದೆ. ನಂಬರನ್ನು ಮೂರನೇ ಒಂದು ಪಾಲಿಗೆ ಇಳಿಸುವ."

"ಅಷ್ಟು ಬೇಡ. ಅರ್ಧ ಮಾಡು."

"ಯಾಕೆ ಬೇಡ? ನೋಡಿ, ಇಳಿಜಾರು ಎಷ್ಟು ಸಣ್ಣ ಉಂಟು."

"ನಿನ್ನ ಇಷ್ಟ," ಎಂದು ಇವರು ಕೈ ಕಟ್ಟಿ ನಿಂತರು.

ನಾನು ಒತ್ತಿದೆ. ಗೆರೆ ಚುರುಕಾಗಿ ಏರಿತು. ಐವತ್ತೆಂಟು, ಅರವತ್ತು. ನಾನು ಸೀಮೆಸುಣ್ಣ ಎತ್ತಿ ಇವರನ್ನು ನೋಡಿ ಗೆದ್ದ ನಗು ನಕ್ಕೆ. ಅರವತ್ತೆರಡು. ಅರವತ್ತೈದು. ಅರವತ್ತೇಳು.

"ಟೀಚರ್, ನಿಮ್ಮ ಗುಡ್ಡ ಪುನಃ ಬಂತು," ಎಂದಳು ಸೆಕ್ರೆಟರಿ. ಶಾಲೆಯಲ್ಲಿ ನಾನು ಅವಳ ಲೆಕ್ಕಕ್ಕೆ ಹಾಕಿದ ಕೆಂಪು ಗೆರೆಗಳಿಗೆಲ್ಲ ಅಂದು ಬಡ್ಡಿ ಸಮೇತ ಸೇಡು ತೀರಿಸಿಕೊಂಡಳು.

'ನಾನು ಹೇಳಿದೆನಲ್ಲ' ಎನ್ನದೆ ಇರಲು ಇವರು ಎಷ್ಟು ಕಷ್ಟಪಡುತ್ತಿದ್ದಾರೆ ಎಂಬುದು ಮೀಸೆಯಲ್ಲೇ ಕಾಣುತ್ತಿತ್ತು. ನಾನೇ ಎದ್ದು ಹೋಗಿ ನಂಬರನ್ನು ಇವರು ಹೇಳಿದ ಅರ್ಧಕ್ಕೇ ಏರಿಸಿದೆ. ಡಿ ಎಂಬ ಮೂರನೆಯದನ್ನೂ ಇವರು ಸ್ವಲ್ಪ ಹಾಕಿಸಿದರು. ಅದು ಬಿಸಿ ಎಷ್ಟು ವೇಗದಲ್ಲಿ ಬೀಳುತ್ತದೆ ಎಂದು ನೋಡಿ, ಬಿದ್ದು ಮುಗಿಯುವ ಮೊದಲೇ ಕೈ ಕೊಡುತ್ತದಂತೆ. "ಇದು ಬಾಯಮ್ಮನಿಗೋಸ್ಕರ," ಎಂದರು.

ಗೆರೆ ಅರವತ್ತರ ಹತ್ತಿರ ಬಂದು ಇನ್ನೇನು ಕೂರಬೇಕು, ಆಗ ಕರೆಂಟು ಹೋಯಿತು.

ಫ್ಯಾನು ನಿಂತಿತು, ಡಬ್ಬಿಯ ಅಂಕಿಗಳು ಆರಿದವು. ಶೆಡ್ಡಿನಲ್ಲಿ ಎಲ್ಲರೂ ಒಟ್ಟಿಗೆ "ಅಯ್ಯೋ" ಎಂದರು. ಬಾಯಮ್ಮ ಕೂಡಲೇ ಎರಡೂ ಕೈ ಮೇಲೆತ್ತಿ, "ಇದು ನಾನಲ್ಲ!" ಎಂದರು. ಆ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಕರೆಂಟು ಬರುವವರೆಗೆ ನಾವು ಹೊರಗೆ ಗೋಡೆಯ ನೆರಳಿನಲ್ಲಿ ಕೂತೆವು. ಯಾರೋ ಎಳನೀರು ಕೆತ್ತಿ ಕೊಟ್ಟರು. ಇವರು ನನ್ನ ಹತ್ತಿರ ಬಂದು ಕೂತು ನನ್ನ ಅಂಗೈ ಹಿಡಿದು ನೋಡಿದರು. ಸೀಮೆಸುಣ್ಣದಿಂದ ಬೆಳ್ಳಗಾಗಿತ್ತು, ಮಂಡಿಯ ಹತ್ತಿರ ಸೀರೆಯೂ. "ನೋವಾಗ್ತದಾ ಮಂಡಿ?" ಎಂದು ಕೇಳಿದರು. ನೋಯುತ್ತಿತ್ತು. ಇಲ್ಲ ಎಂದೆ.

"ಒಳ್ಳೆದೇ ಆಯ್ತು ಕರೆಂಟು ಹೋದದ್ದು," ಎಂದರು. "ಡ್ರಯರ್ ತಣಿಯುತ್ತದೆ. ಇನ್ನು ಮೊದಲಿಂದ ಏರ್ಬೇಕು. ನಾಳೆ ಬೆಳಗ್ಗೆ ಇವರು ಸ್ವಿಚ್ ಹಾಕುವಾಗಲೂ ಹಾಗೇ ಅಲ್ವಾ? ಅದೇ ನಿಜವಾದ ಪರೀಕ್ಷೆ."

ಕರೆಂಟು ಬಂತು. ಎಲ್ಲರೂ ಒಳಗೆ ಓಡಿದೆವು. ನೆಲದಲ್ಲಿ ಜಾಗ ಶೆಡ್ಡಿನ ಬಾಗಿಲಿನ ಹತ್ತಿರ ಮಾತ್ರ ಉಳಿದಿತ್ತು. ಅಲ್ಲಿಂದ ಹೊಸ ಗೆರೆ ಶುರು ಮಾಡಿದೆ. ಇವರು ಅಂಕಿ ಹೇಳುತ್ತಾ ಹೋದರು. ನಲವತ್ತು. ನಲವತ್ತೆಂಟು. ಐವತ್ತನಾಲ್ಕು. ದೀಪ ಮಿಣುಕಲು ಶುರುವಾಯಿತು. ಐವತ್ತೆಂಟು. ಐವತ್ತೊಂಬತ್ತು. ಅರವತ್ತು. ಅರವತ್ತೊಂದು. ಯಾರೋ ನನ್ನ ಹೆಗಲು ಹಿಡಿದುಕೊಂಡರು. ಅರವತ್ತೊಂದು. ಅರವತ್ತು. ಅರವತ್ತು. ಅರವತ್ತು.

ನಾನು ಗೆರೆ ಎಳೆಯುತ್ತಾ ಹೊಸ್ತಿಲವರೆಗೆ ಬಂದಿದ್ದೆ. ಅದು ಈಗ ನಾನು ಬೆಳಗ್ಗೆ ಎಳೆದ ನೇರ ಗೆರೆಯ ಮೇಲೆಯೇ ಬೀಳುತ್ತಿತ್ತು, ಬೇರೆಯಾಗಿ ಕಾಣುತ್ತಲೇ ಇರಲಿಲ್ಲ.

"ಬಾಯಮ್ಮ, ತೆಗೆಯಿರಿ ಬಾಗಿಲು," ಎಂದರು ಇವರು.

ಬಾಯಮ್ಮ ಶಿಲುಬೆಯ ಗುರುತು ಮಾಡಿಕೊಂಡು ಬಾಗಿಲು ತೆಗೆದರು, ತುರಿ ಮುಟ್ಟಿದರು, ಮುಚ್ಚಿದರು. ಐವತ್ತೇಳಕ್ಕೆ ಇಳಿದ ಅಂಕಿ ಹೆಚ್ಚು ಹೊತ್ತು ತೆಗೆದುಕೊಳ್ಳದೆ ಮತ್ತೆ ಅರವತ್ತಕ್ಕೆ ಬಂದು ಕೂತಿತು. ಆಗ ಎದ್ದ ಚಪ್ಪಾಳೆಗೆ ಹೊರಗಿದ್ದ ನಾಯಿ ಬೊಗಳಿತು. ಸೆಕ್ರೆಟರಿ ನನ್ನನ್ನು ನೆಲದಿಂದ ಎತ್ತಿ ಅಪ್ಪಿಕೊಂಡಳು. ನಾನು ಇವರ ಕಡೆ ನೋಡಿದೆ. ಇವರು ಡಬ್ಬಿಯನ್ನು ನೋಡುತ್ತಿರಲಿಲ್ಲ, ನೆಲದ ಗೆರೆಯನ್ನು ನೋಡುತ್ತಿದ್ದರು, ಶುರುವಿನಿಂದ ಹೊಸ್ತಿಲವರೆಗೆ. ಕಣ್ಣು ಒದ್ದೆಯಾಗಿತ್ತು. ಅದು ಮಾತ್ರ ನಾನು ಯಾರಿಗೂ ತೋರಿಸಲಿಲ್ಲ.

ಹಿಂದೆ ಬರುವಾಗ ಇವರು ಸ್ಕೂಟರಿನ ಹಿಂದೆ ಕೂತು ಮಾತಾಡಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಉಪ್ಪುನೀರು ಕುದಿಸುವ ಹಂಡೆಗಳು, ರಾತ್ರಿಪಾಳಿಯಲ್ಲಿ ಒಬ್ಬರಿಗೊಬ್ಬರು ಕಟ್ಟುತ್ತಿದ್ದ ಪಂದ್ಯ, ಒಮ್ಮೆ ತಪ್ಪು ನಂಬರ್ ಒತ್ತಿ ಇಡೀ ಕಂಟ್ರೋಲ್ ರೂಮಿನಲ್ಲಿ ಗಂಟೆ ಬಾರಿಸಿದ್ದು. ನಾನು ಕೇಳುತ್ತಾ ಹೋದೆ, ಗಾಳಿಗೆ ಕೇಳದಿದ್ದರೆ "ಎಂತ? ಪುನಃ ಹೇಳಿ" ಎಂದೆ. ಕಾರಡ್ಕಕ್ಕೆ ತಿರುಗುವ ಕಡೆ ತಿರುಗದೆ ಸ್ವಲ್ಪ ಮುಂದೆ ಹೋಗಿ ಬಂದೆ. ಇವರಿಗೆ ಗೊತ್ತಾಗಲಿಲ್ಲ, ಅಥವಾ ಗೊತ್ತಾಗದ ಹಾಗೆ ಇದ್ದರು.

ಮುಂದಿನ ವಾರ ಸೆಕ್ರೆಟರಿ ಎಣ್ಣೆಯ ಬಾಟಲಿ ತಂದು ಕೊಟ್ಟಳು. ಕಿಟಕಿಯ ಹತ್ತಿರ ಹಿಡಿದರೆ ಆಚೆಯ ಮರ ಕಾಣುತ್ತಿತ್ತು, ಅಷ್ಟು ತಿಳಿ. ಅವಳಿಗೆ ಬಾಯಿ ಕಡಿಮೆ ಇಲ್ಲ ಎಂದು ಮೊದಲೇ ಹೇಳಿದೆನಲ್ಲ. ಸುದ್ದಿ ಹರಡಿತು. ಹಪ್ಪಳ ಒಣಗಿಸುವವರು, ಜೇನು ಕಾಯಿಸುವವರು, ಕೋಳಿಮೊಟ್ಟೆ ಮರಿ ಮಾಡಿಸುವವರು, ಎಲ್ಲರ ಹತ್ತಿರವೂ ಅಂಥದೇ ಒಂದೊಂದು ಡಬ್ಬಿ ಇದೆ ಎಂದು ಆಗ ನಮಗೆ ತಿಳಿಯಿತು. ಇವರು ಬೂಟು ಹಾಕುತ್ತಾರೆ, ನಾನು ಸ್ಕೂಟರ್ ತೆಗೆಯುತ್ತೇನೆ.

ಕಳೆದ ತಿಂಗಳು ಮಧೂರಿನ ಹತ್ತಿರ ಒಂದು ಬೇಕರಿಗೆ ಹೋಗಿದ್ದೆವು. ರಸ್ಕ್ ಸುಡುವ ಒಲೆ. ಒಂದು ಬದಿ ಕರಿ, ಇನ್ನೊಂದು ಬದಿ ಹಸಿ. ಇವರು ಐಗೆ ಒಂದು ನಂಬರ್ ಹೇಳಿದರು. ನನಗೆ ಅದು ಹೆಚ್ಚು ಅನಿಸಿತು. "ಇದು ಡ್ರಯರ್ ಅಲ್ಲ, ಒಲೆ. ಇಟ್ಟಿಗೆ ಬಿಸಿ ಹಿಡ್ಕೊಳ್ತದೆ," ಎಂದರು ಇವರು. "ನನಗೆ ಇಟ್ಟಿಗೆ ಹೇಳಿಕೊಡ್ಬೇಡಿ, ಗೆರೆ ನೋಡಿ," ಎಂದೆ ನಾನು. ಧ್ವನಿ ಏರಿತು. ಮದುವೆಯಾದ ಮೇಲೆ ನಾವು ಆಡಿದ ಮೊದಲ ಸರಿಯಾದ ಜಗಳ ಅದು. ಬೇಕರಿಯವರು ಹೆದರಿ ಎರಡು ಗ್ಲಾಸ್ ಚಹಾ, ಒಂದು ತಟ್ಟೆ ತುಂಬ ರಸ್ಕ್ ತಂದು ನಡುವೆ ಇಟ್ಟು, "ಸ್ವಲ್ಪ ಚಹಾ ಕುಡಿಯಿರಿ, ಆಮೇಲೆ ನೋಡುವ" ಎಂದರು.

ನಾವು ಚಹಾದಲ್ಲಿ ರಸ್ಕ್ ಅದ್ದಿ ತಿಂದೆವು. ಕರಿ ಬದಿ ಇವರು ತಿಂದರು, ಹಸಿ ಬದಿ ನಾನು. ಜಗಳ ಮುಂದುವರಿಯಿತು.